ಹಳೆಯ ಸೇನಾ ಪಿಸ್ತೂಲಿಗೆ ಬೆಲೆ ಕಟ್ಟುವುದು ಹೇಗೆ: ಕರಾವಳಿಯ ಮನೆಗಳಿಗಾಗಿ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹಳೆಯ ಸೇನಾ ಪಿಸ್ತೂಲು ಬೆಳಕಿಗೆ ಬರುವುದು ಹೆಚ್ಚಾಗಿ ಮನೆಯ ಹಿರಿಯರು ತೀರಿಕೊಂಡ ಮೇಲೆಯೇ. ಹದಿಮೂರನೆಯ ದಿನದ ಕಾರ್ಯ ಮುಗಿದು ನೆಂಟರು ಹೊರಟ ನಂತರ ಕಪಾಟಿನ ಬೀಗ ತೆಗೆದರೆ, ಬೂಷ್ಟು ಹಿಡಿದ ಚರ್ಮದ ಚೀಲದಲ್ಲಿ ಒಂದು ರಿವಾಲ್ವರ್, ಅದರ ಕೆಳಗೆ ಅಂಚು ಹರಿದ ಲೈಸೆನ್ಸ್ ಪುಸ್ತಕ ಸಿಗುತ್ತದೆ. ಕಾರವಾರ, ಅಂಕೋಲಾ ಸೀಮೆಯಿಂದ ಸೇನೆಗೂ ನೌಕಾಪಡೆಗೂ ಹೋದವರು ಬಹಳ ಮಂದಿ. ಪರಮವೀರ ಚಕ್ರ ಪಡೆದ ಮೇಜರ್ ರಾಮ ರಾಘೋಬಾ ರಾಣೆಯವರು ಕಾರವಾರದ ಪಕ್ಕದ ಚೆಂಡಿಯಾದವರು. ಘಟ್ಟದ ಮೇಲೆ ಶಿರಸಿ, ಸಿದ್ದಾಪುರಗಳ ಅಡಿಕೆ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಯ ಕೋವಿ ಸಾಮಾನ್ಯ, ಅದರ ಜೊತೆಗೆ ಎಲ್ಲೋ ಒಂದೊಂದು ಕಡೆ ಪಿಸ್ತೂಲೂ ಇರುತ್ತದೆ. ಸೇನೆಯ ಶಸ್ತ್ರಾಗಾರದಲ್ಲಿ ಕೆಲಸ ಮಾಡಿ ನಿವೃತ್ತನಾಗಿ ಊರಿಗೆ ಮರಳಿದ ನನಗೆ ಇಂಥ ಮನೆಗಳಿಂದ ಬರುವ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ: "ಇದಕ್ಕೆ ಎಷ್ಟು ಬಂದೀತು?"

ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಒಂದು ಕ್ರಮವಿದೆ. ಮೊದಲು ಕಾಗದ, ಆಮೇಲೆ ಬೋರ್ ಅಂದರೆ ನಳಿಕೆಯ ಒಳವ್ಯಾಸ, ಆಮೇಲೆ ಮೈಮೇಲಿನ ಅಚ್ಚುಗಳು ಮತ್ತು ಸಂಖ್ಯೆಗಳು, ಆಮೇಲೆ ಬಣ್ಣ, ಕಟ್ಟಕಡೆಗೆ ಯಂತ್ರದ ಸ್ಥಿತಿ. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಮೊದಲು ಉಜ್ಜಿ ಹೊಳಪು ಬರಿಸುತ್ತಾರೆ, ಕೊನೆಗೆ ಕಾಗದ ಹುಡುಕುತ್ತಾರೆ. ಆ ಹೊತ್ತಿಗೆ ಬೆಲೆಯ ದೊಡ್ಡ ಪಾಲು ಬಟ್ಟೆಯ ತುಂಡಿಗೆ ಅಂಟಿಕೊಂಡು ಹೋಗಿರುತ್ತದೆ.

ಮುಟ್ಟುವ ಮೊದಲು ಕಾಗದ

1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಸಿಗುವುದು ವ್ಯಕ್ತಿಗೆ, ಮನೆತನಕ್ಕಲ್ಲ. ಪರವಾನಗಿದಾರರು ತೀರಿಕೊಂಡ ಮೇಲೆ ಆ ಆಯುಧವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಕ್ಕು ಮಗನಿಗಾಗಲಿ ಮಗಳಿಗಾಗಲಿ ತಾನಾಗಿಯೇ ಬರುವುದಿಲ್ಲ. ಕಾಯ್ದೆಯ 21ನೆಯ ಕಲಮಿನಂತೆ ಅದನ್ನು ಅನಗತ್ಯ ವಿಳಂಬವಿಲ್ಲದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಶಸ್ತ್ರ ವ್ಯಾಪಾರಿಯ ಬಳಿ ಠೇವಣಿ ಇಡಬೇಕು. ಹಾಗೆ ಇಟ್ಟದ್ದನ್ನು ಪರವಾನಗಿ ಪಡೆದು ಮರಳಿ ತೆಗೆದುಕೊಳ್ಳುವ ಅಥವಾ ಮಾರಾಟ ಮಾಡಿಸಿ ಹಣ ಪಡೆಯುವ ಹಕ್ಕು ವಾರಸುದಾರರಿಗೆ ಇದೆ, ಆದರೆ ಅದಕ್ಕೊಂದು ಅವಧಿ ಇದೆ. ಆ ಅವಧಿ ದಾಟಿದರೆ ಆಯುಧ ಸರಕಾರಕ್ಕೆ ಸೇರಬಹುದು. ಆದ್ದರಿಂದ ಠೇವಣಿಯ ರಸೀದಿಯಲ್ಲಿ ತಯಾರಕರ ಹೆಸರು, ಬೋರ್, ಸಂಖ್ಯೆ ಮತ್ತು ಸ್ಥಿತಿ ಸ್ಪಷ್ಟವಾಗಿ ಬರೆದಿರುವುದನ್ನು ನೋಡಿಕೊಳ್ಳಿ, ಮತ್ತು ಅವಧಿ ಎಷ್ಟೆಂದು ಅಲ್ಲಿಯೇ ಲಿಖಿತವಾಗಿ ಕೇಳಿ ಪಡೆಯಿರಿ. ಆಯುಧವನ್ನು ಕೈಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಬೇಡಿ. ಠಾಣೆಗೆ ಮೊದಲು ಬರಹದಲ್ಲಿ ತಿಳಿಸಿ, ಅವರು ಹೇಳಿದ ರೀತಿಯಲ್ಲಿ ಒಪ್ಪಿಸಿ.

ಪರವಾನಗಿಯೇ ಇಲ್ಲದ ಆಯುಧ ಅಟ್ಟದ ಮೇಲೆ ಸಿಕ್ಕಿದರೆ ವಕೀಲರ ಸಲಹೆ ಪಡೆದು ಆ ದಿನವೇ ಠಾಣೆಗೆ ತಿಳಿಸುವುದು ಒಂದೇ ದಾರಿ. ಪರವಾನಗಿಯಿಲ್ಲದ ಬಂದೂಕು ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ ಸೆರೆವಾಸ. ಅದು ಮುಂದೆ ಹೇಳುವ ನಿಷೇಧಿತ ವರ್ಗದ್ದಾಗಿದ್ದರೆ ಕನಿಷ್ಠ 7 ವರ್ಷ. ಅಂಥ ವಸ್ತುವಿಗೆ ಬೆಲೆ ಕಟ್ಟುವ ಮಾತೇ ಬರುವುದಿಲ್ಲ. ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಬಂದೂಕು ಪರವಾನಗಿಯಿಂದ ಇರುವ ವಿನಾಯಿತಿಯ ಸುದ್ದಿ ಕೇಳಿ ನಮಗೂ ಅದು ಅನ್ವಯಿಸುತ್ತದೆ ಎಂದು ನಂಬಿದವರನ್ನು ನಾನು ಶಿರಸಿ ಸೀಮೆಯಲ್ಲಿ ಕಂಡಿದ್ದೇನೆ. ಅದು ನಮ್ಮ ಜಿಲ್ಲೆಗೆ ಅನ್ವಯಿಸುವುದಿಲ್ಲ.

ಅದೇ ತಿದ್ದುಪಡಿಯಿಂದ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ 3ರಿಂದ 2ಕ್ಕೆ ಇಳಿದಿದೆ, ಹಿರಿಯರಿಂದ ಬಂದದ್ದೂ ಆ ಎರಡರಲ್ಲಿಯೇ ಲೆಕ್ಕ. ತೋಟದ ಕೋವಿಯೊಂದು ಆಗಲೇ ಹೆಸರಿನಲ್ಲಿದ್ದರೆ ಇನ್ನೊಂದಕ್ಕೆ ಮಾತ್ರ ಜಾಗವಿರುತ್ತದೆ. ಕೊಳ್ಳುವವನಿಗೂ ಇದೇ ಮಿತಿ. ಕೊಳ್ಳುವವರು ಕಡಿಮೆಯಾದಷ್ಟೂ ಬೆಲೆ ತಗ್ಗುತ್ತದೆ ಎಂಬುದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ.

ಮನೆಯಲ್ಲಿ ಇರುವ ಯಾವ ಕಾಗದವನ್ನೂ ಎಸೆಯಬೇಡಿ. ಹಳೆಯ ಲೈಸೆನ್ಸ್ ಪುಸ್ತಕಗಳು, ಶಸ್ತ್ರ ಪರವಾನಗಿಗಳ ರಾಷ್ಟ್ರೀಯ ದತ್ತಾಂಶದಲ್ಲಿ ನೀಡಲಾದ ವಿಶಿಷ್ಟ ಗುರುತಿನ ಸಂಖ್ಯೆ, ಖರೀದಿಯ ಬಿಲ್ಲು, ಇವೆಲ್ಲ ಬೇಕು. ಸೇನಾ ಅಧಿಕಾರಿಯಾಗಿದ್ದವರಾದರೆ ಜಬಲ್ಪುರದ ಕೇಂದ್ರೀಯ ಆರ್ಡ್‌ನೆನ್ಸ್ ಡಿಪೋದಿಂದ ಬಂದ ಹಂಚಿಕೆ ಪತ್ರವಿರಬಹುದು. ಸೇನೆ ತಾನು ಬಳಸದ ಮಾದರಿಯ ಆಯುಧಗಳನ್ನು ಎನ್‌ಎಸ್‌ಪಿ ಎಂಬ ಹೆಸರಿನಲ್ಲಿ ಅಧಿಕಾರಿಗಳಿಗೆ ಕೊಡುತ್ತಿದ್ದದ್ದು ಅಲ್ಲಿಂದಲೇ. ನಮ್ಮಲ್ಲಿ ಇನ್ನೊಂದು ಬಗೆಯ ಕಾಗದವೂ ಉಂಟು, ಅದನ್ನು ಯಾರೂ ಬೆಲೆಯುಳ್ಳದ್ದೆಂದು ತಿಳಿಯುವುದಿಲ್ಲ: ಪ್ರತಿ ಚುನಾವಣೆಗೂ ಕೋವಿ, ಪಿಸ್ತೂಲುಗಳನ್ನು ಠಾಣೆಯಲ್ಲಿ ಇಟ್ಟಾಗ ಕೊಡುವ ರಸೀದಿ. ಇಪ್ಪತ್ತು ಮೂವತ್ತು ವರ್ಷಗಳ ಈ ಚೀಟಿಗಳು ಒಟ್ಟಿಗಿದ್ದರೆ, ಆಯುಧ ಇಷ್ಟು ಕಾಲ ಕಾನೂನಿನ ಕಣ್ಣಿನಲ್ಲೇ ಇತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ, ಮತ್ತು ಎಚ್ಚರದ ವ್ಯಾಪಾರಿ ಅದಕ್ಕೆ ಬೆಲೆ ಕೊಡುತ್ತಾನೆ.

ಉಜ್ಜಬೇಡಿ, ಖಾಲಿ ಇದೆ ಎಂದು ನಂಬಬೇಡಿ

ನೋಡುವ ಕೆಲಸ ನಡೆಯಬೇಕಾದದ್ದು ಪರವಾನಗಿ ಇರುವವರ ಕೈಯಲ್ಲಿ, ಅಂದರೆ ವ್ಯಾಪಾರಿಯ ಅಂಗಡಿಯಲ್ಲಿ ಅಥವಾ ನಿಮ್ಮ ಹೆಸರಿಗೆ ಪರವಾನಗಿ ಆದ ಮೇಲೆ ಮನೆಯಲ್ಲಿ. ತೋಟೆ ಒಳಗಿಲ್ಲ ಎಂಬುದನ್ನು ಬಲ್ಲವರೇ ತೆಗೆದು ತೋರಿಸಬೇಕು. ಪಿಸ್ತೂಲಿನ ಹಿಡಿಯೊಳಗೆ ಕೂರುವ ತೋಟೆಯ ಪೆಟ್ಟಿಗೆ, ಅಂದರೆ ಮ್ಯಾಗಜೀನ್, ಹೊರಬಂದರೂ ನಳಿಕೆಯ ಹಿಂಬದಿಯಲ್ಲಿ ಒಂದು ತೋಟೆ ಉಳಿದಿರಬಹುದು. ಬಹುಕಾಲ ತುಂಬಿಟ್ಟ ರಿವಾಲ್ವರಿನಲ್ಲಿ ಹಿತ್ತಾಳೆಯ ತೋಟೆಗೆ ಕಿಲುಬು ಬೆಳೆದು ಅದು ತೋಟೆ ಕೂರುವ ತಿರುಗುವ ಸಿಲಿಂಡರಿಗೆ ಕಚ್ಚಿಕೊಂಡಿರುವುದನ್ನೂ ಕಂಡಿದ್ದೇನೆ; ಅದನ್ನು ಕಡ್ಡಿಯಿಂದ ತಳ್ಳಿ ತೆಗೆಯುವ ಪ್ರಯತ್ನ ಮನೆಯಲ್ಲಿ ಆಗಬಾರದು. ಖಾಲಿ ಎಂದು ಖಚಿತವಾದ ಮೇಲೂ ಕುದುರೆ (ಟ್ರಿಗರ್) ಎಳೆದು ಟಕ್ ಟಕ್ ಎನಿಸುತ್ತ ಕೂರಬೇಡಿ. ಎಂಬತ್ತು ನೂರು ವರ್ಷ ಹಳೆಯ, ತೋಟೆಯ ಬುಡಕ್ಕೆ ಬಡಿಯುವ ಉಕ್ಕಿನ ಮೊಳೆ ಮುರಿದರೆ ಅದೇ ಅಳತೆಯ ಇನ್ನೊಂದು ಸುಲಭಕ್ಕೆ ಸಿಗದು.

ಇನ್ನು ಉಜ್ಜುವ ವಿಷಯ. ದೀಪಾವಳಿಗೆ ಹಿತ್ತಾಳೆ ದೀಪ ಬೆಳಗುವ ಕೈ ನಮ್ಮದು. ಮಾಸಿದ್ದನ್ನು ಕಂಡರೆ ಹುಣಸೆಹಣ್ಣು, ಬೂದಿ ತರುತ್ತೇವೆ. ಪಿಸ್ತೂಲಿನ ಮೈಮೇಲೆ ಕಾಣುವ ಕಪ್ಪು ನೀಲಿ ಬಣ್ಣ ಕೊಳೆಯಲ್ಲ, ಕಾರ್ಖಾನೆಯಲ್ಲಿ ಉಕ್ಕಿನ ಮೇಲ್ಪದರವನ್ನೇ ರಾಸಾಯನಿಕವಾಗಿ ಬದಲಿಸಿ ತಂದ ತೆಳುವಾದ ಪೊರೆ. ಹುಳಿ ತಾಗಿದರೆ ಅದು ಕರಗುತ್ತದೆ, ಬೂದಿ ತಾಗಿದರೆ ಸವೆಯುತ್ತದೆ, ಹೋದ ಮೇಲೆ ಮರಳಿ ಬರುವುದಿಲ್ಲ. ನನ್ನ ದೊಡ್ಡಪ್ಪನ ಬಳಿ .32 ಬೋರಿನ ಒಂದು ವೆಬ್ಲಿ ಅಂಡ್ ಸ್ಕಾಟ್ ಪಿಸ್ತೂಲಿತ್ತು. ಪ್ರತಿ ವರ್ಷ ಆಯುಧ ಪೂಜೆಗೆ ಅದಕ್ಕೆ ತೇಯ್ದ ಗಂಧ, ಕುಂಕುಮ ಹಚ್ಚಿ, ಹೂವೇರಿಸಿ, ಮರುದಿನದವರೆಗೆ ಹಾಗೆಯೇ ಇಡುತ್ತಿದ್ದರು. ಅವರು ಹೋದ ಮೇಲೆ ಅದನ್ನು ನೋಡಿದಾಗ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡಿನ ಎಡಮೈಯಲ್ಲಿ ಗಂಧದ ಬೊಟ್ಟಿನ ಅಳತೆಗೇ ಮೂರು ಗುಳಿಗಳು ಬಿದ್ದಿದ್ದವು, ಒಂದು ಗುಳಿ ತಯಾರಕರ ಹೆಸರಿನ ಎರಡು ಅಕ್ಷರಗಳನ್ನು ನುಂಗಿತ್ತು. ಭಕ್ತಿಯಿಂದಲೇ ಆದ ಹಾನಿ ಅದು, ಅದಕ್ಕಾಗಿ ನನಗೆ ಇಂದಿಗೂ ಸಂಕಟವಿದೆ. ಪೂಜೆ ಮಾಡುವುದಾದರೆ ಬೊಟ್ಟನ್ನು ಪೆಟ್ಟಿಗೆಗೆ ಇಡಿ, ಉಕ್ಕಿಗೆ ಬೇಡ.

ಬೋರ್: ನಮ್ಮ ದೇಶದಲ್ಲಿ ಬೆಲೆಯ ಕವಲುದಾರಿ

ಹೊರದೇಶದ ಹರಾಜಿನ ಬೆಲೆ ನೋಡಿ ಇಲ್ಲಿ ಲೆಕ್ಕ ಹಾಕಿದರೆ ಪೂರ್ತಿ ತಪ್ಪಾಗುತ್ತದೆ. ನಮ್ಮಲ್ಲಿ 9 ಮಿ.ಮೀ. ಪಿಸ್ತೂಲು, .38 ಮತ್ತು .455 ಬೋರಿನ ಕೈಬಂದೂಕುಗಳು ನಿಷೇಧಿತ ಬೋರಿನ ವರ್ಗಕ್ಕೆ ಸೇರುತ್ತವೆ. ಅವುಗಳ ಪರವಾನಗಿ ಜಿಲ್ಲಾಧಿಕಾರಿಯ ಕೈಯಲ್ಲಿಲ್ಲ, ಕೇಂದ್ರ ಗೃಹ ಸಚಿವಾಲಯದ ಕೈಯಲ್ಲಿದೆ. .32, .22, .380 ಬೋರಿನವು ನಿಷೇಧಿತವಲ್ಲದ ವರ್ಗದವು.

ಇದರ ಪರಿಣಾಮ ಏನೆಂದರೆ, ಎರಡು ಮಹಾಯುದ್ಧಗಳಲ್ಲಿ ಹೆಸರು ಮಾಡಿದ ಸೇನಾ ಪಿಸ್ತೂಲುಗಳಲ್ಲಿ ಬಹುಪಾಲು ಇಲ್ಲಿ ಮಾರಾಟಕ್ಕೆ ಬಾರದವು. ಜರ್ಮನಿಯ ಲೂಗರ್ ಮತ್ತು ವಾಲ್ಥರ್ ಪಿ38, ಬೆಲ್ಜಿಯಂ ಮೂಲದ ಬ್ರೌನಿಂಗ್ ಹೈ ಪವರ್ ಮತ್ತು ಅದರ ಮಾದರಿಯಲ್ಲಿ ನಮ್ಮ ಈಶಾಪುರದ ಕಾರ್ಖಾನೆ ಮಾಡಿದ 1ಎ ಪಿಸ್ತೂಲು ಎಲ್ಲವೂ 9 ಮಿ.ಮೀ. ಬ್ರಿಟಿಷ್ ಸೇನೆಯ ವೆಬ್ಲಿ ಮಾರ್ಕ್ 6 ರಿವಾಲ್ವರ್ .455, 1932ರಲ್ಲಿ ಬಂದ ಎನ್‌ಫೀಲ್ಡ್ ನಂಬರ್ 2 ರಿವಾಲ್ವರ್ .38. ಅಮೆರಿಕದ ಸಂಗ್ರಾಹಕರು ದೊಡ್ಡ ಹಣ ಕೊಡುವ ಲೂಗರ್ ಒಂದು ಅಂಕೋಲೆಯ ಮನೆಯಲ್ಲಿ ಸಿಕ್ಕಿದರೆ, ಕೊಳ್ಳಲು ಕಾನೂನಿನ ಅರ್ಹತೆ ಇರುವವರು ಬೆರಳೆಣಿಕೆಗೂ ಸಿಗುವುದಿಲ್ಲ. ಹೊರಗೆ ಕಳಿಸುವ ದಾರಿಯೂ ಇಲ್ಲ: ಅಂಥ ಆಯುಧದ ರಫ್ತಿಗೆ ಬೇರೆಯೇ ಪರವಾನಗಿ ಬೇಕು, ಮತ್ತು ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆಯ ತಡೆ ಅದರ ಮೇಲೆ ಬರುತ್ತದೆ. ಇಂಥವುಗಳ ಮಾರುಕಟ್ಟೆ ಬೆಲೆ ಸೊನ್ನೆಯ ಹತ್ತಿರ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಚರಿತ್ರೆಯ ಬೆಲೆ ಮಾತ್ರ ಉಳಿಯುತ್ತದೆ. ಜಿಲ್ಲಾಡಳಿತದ ಅನುಮತಿ ಪಡೆದು ಆ ಹಿರಿಯರು ಸೇವೆ ಸಲ್ಲಿಸಿದ ರೆಜಿಮೆಂಟಿನ ಸಂಗ್ರಹಾಲಯಕ್ಕೆ ಒಪ್ಪಿಸುವುದು ನನಗೆ ತೋರುವ ಉತ್ತಮ ದಾರಿ.

ಇದಕ್ಕೆ ಎದುರಾದ ಸಂಗತಿಯೂ ಅಷ್ಟೇ ನಿಜ. 1980ರ ದಶಕದ ನಡುಭಾಗದಿಂದ ಸಾಮಾನ್ಯ ನಾಗರಿಕರಿಗೆ ವಿದೇಶಿ ಬಂದೂಕಿನ ಆಮದು ಬಹುತೇಕ ನಿಂತುಹೋದ ಕಾರಣ, ಅದಕ್ಕೆ ಮೊದಲೇ ದೇಶದೊಳಗೆ ಬಂದ .32 ಬೋರಿನ ವಿದೇಶಿ ಪಿಸ್ತೂಲುಗಳಿಗೆ ಇಲ್ಲಿ ಹೊರದೇಶಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಬೆಲೆ ಇದೆ. ಸೇನಾ ಬಳಕೆಯ .32 ಪಿಸ್ತೂಲುಗಳು ಅಪರೂಪವೇನಲ್ಲ: ಬ್ರೌನಿಂಗ್ ವಿನ್ಯಾಸದ ಎಫ್‌ಎನ್ 1922, ಜೆಕೊಸ್ಲೊವಾಕಿಯಾದ ಸಿಝಡ್ 27, ಮೌಸರ್ ಎಚ್‌ಎಸ್‌ಸಿ, ವಾಲ್ಥರ್ ಪಿಪಿ, ಅಮೆರಿಕದ ಸೇನಾಪತಿಗಳಿಗೆ ಕೊಡುತ್ತಿದ್ದ ಕೋಲ್ಟ್ 1903. ಇವುಗಳ ಮೇಲೆ .32 ಎಂದು ಬರೆದಿರಬೇಕೆಂದಿಲ್ಲ, ಯುರೋಪಿನ ಕಾರ್ಖಾನೆಗಳು ಮಿಲಿಮೀಟರ್ ಲೆಕ್ಕದಲ್ಲಿ 7.65 ಎಂದು ಅಚ್ಚೊತ್ತುತ್ತಿದ್ದವು. ಹಾಗೆಂದು 7.65 ಎಂಬ ಅಂಕಿ ಕಂಡೊಡನೆ ನಿರ್ಣಯಕ್ಕೆ ಬರಬಾರದು, ಅದೇ ಅಂಕಿಯ ಬೇರೆ ಉದ್ದನೆಯ ತೋಟೆಗಳೂ ಇವೆ. ರಿವಾಲ್ವರಿನ .32 ತೋಟೆ ಬೇರೆ, ಪಿಸ್ತೂಲಿನ .32 ತೋಟೆ ಬೇರೆ ಎಂಬುದೂ ನೆನಪಿರಲಿ. ಲೈಸೆನ್ಸಿನಲ್ಲಿ ಯಾವುದೆಂದು ಸರಿಯಾಗಿ ನಮೂದಾಗಿರಬೇಕು. ತೋಟೆ ಇಂದಿಗೂ ಸಿಗುವ ಬೋರ್ ಎಂಬುದು ಬೆಲೆಯ ಅರ್ಧ ಬಲ, ಮತ್ತು .32 ತೋಟೆಯನ್ನು ನಮ್ಮ ದೇಶದ ಕಾರ್ಖಾನೆಗಳೇ ತಯಾರಿಸುತ್ತವೆ.

ಮೈಮೇಲಿನ ಅಚ್ಚುಗಳನ್ನು ಓದುವುದು

ಹಗಲು ಬೆಳಕಿನಲ್ಲಿ, ಕಿಟಕಿಯ ಪಕ್ಕ ಬಿಳಿ ಬಟ್ಟೆಯ ಮೇಲಿಟ್ಟು, ಎಲ್ಲ ಮೈಗಳ ಚಿತ್ರ ತೆಗೆಯಿರಿ. ಭೂತಗನ್ನಡಿ ಬೇಕೇ ಬೇಕು. ಕಂಡ ಪ್ರತಿ ಅಕ್ಷರ, ಅಂಕಿ, ಕಿರೀಟ, ಬಾಣ, ಹಕ್ಕಿಗಳನ್ನು ಯಾವ ಭಾಗದ ಮೇಲಿದೆ ಎಂಬುದರೊಂದಿಗೆ ಬರೆದುಕೊಳ್ಳಿ. ಈ ಬರಹದ ಕೆಲಸಕ್ಕೆ ಅರ್ಧ ದಿನ ಹೋದರೂ ಅದು ಸಾರ್ಥಕ.

ಬ್ರಿಟಿಷ್ ಸರಕಾರದ ಸ್ವತ್ತಿಗೆ ಅಗಲ ಮೊನೆಯ ಬಾಣದ ಗುರುತು ಇರುತ್ತದೆ. ಎರಡು ಬಾಣಗಳು ಮೊನೆಗೆ ಮೊನೆ ತಾಗಿಸಿ ನಿಂತಿದ್ದರೆ ಅದು ಸೇನೆಯಿಂದ ಅಧಿಕೃತವಾಗಿ ಮಾರಾಟವಾದದ್ದು ಎಂದರ್ಥ. ಈ ಎರಡನೆಯ ಗುರುತಿಗೆ ನಮ್ಮಲ್ಲಿ ವಿಶೇಷ ಬೆಲೆ, ಏಕೆಂದರೆ ಆಯುಧ ದಾರಿ ತಪ್ಪಿ ಬಂದದ್ದಲ್ಲ ಎಂದು ಉಕ್ಕೇ ಹೇಳುತ್ತದೆ. ಬ್ರಿಟಿಷ್ ಅಧಿಕಾರಿಗಳು ತಮ್ಮ ಸ್ವಂತ ಹಣದಿಂದ ರಿವಾಲ್ವರ್ ಕೊಳ್ಳುತ್ತಿದ್ದ ಕಾಲದ ವೆಬ್ಲಿಗಳ ಮೇಲೆ ಬಾಣವಿರದೆ ಆರ್ಮಿ ಅಂಡ್ ನೇವಿ ಸಹಕಾರಿ ಮಳಿಗೆಯ ಹೆಸರೋ ಕಲಕತ್ತೆಯ ಮ್ಯಾಂಟನ್, ರೊಡ್ಡಾ ಕಂಪನಿಗಳ ಹೆಸರೋ ಇರಬಹುದು. ಹೊರದೇಶದ ಪಿಸ್ತೂಲು ಇಂಗ್ಲೆಂಡಿನ ಮೂಲಕ ಬಂದಿದ್ದರೆ "ಇಂಗ್ಲಿಷ್ ತಯಾರಿಕೆಯಲ್ಲ" ಎಂಬ ಅರ್ಥದ ಇಂಗ್ಲಿಷ್ ಅಚ್ಚು ಕಾಣುತ್ತದೆ, ಅದು 1925ರಿಂದ 1955ರ ನಡುವಿನ ಪರೀಕ್ಷಾಲಯದ ಗುರುತು.

ಜರ್ಮನಿಯ ಯುದ್ಧಕಾಲದ ಪಿಸ್ತೂಲುಗಳಲ್ಲಿ ಕಾರ್ಖಾನೆಯ ಹೆಸರಿನ ಬದಲು ಸಂಕೇತಾಕ್ಷರಗಳಿರುತ್ತವೆ. ಪಿ38ರ ಮೇಲೆ 'ಎಸಿ' ಇದ್ದರೆ ವಾಲ್ಥರ್, 'ಬಿವೈಎಫ್' ಇದ್ದರೆ ಮೌಸರ್, 'ಸಿವೈಕ್ಯೂ' ಇದ್ದರೆ ಸ್ಪ್ರೀವೆರ್ಕ್. ಜೊತೆಯಲ್ಲಿ 43, 44 ಎಂಬಂತೆ ವರ್ಷದ ಎರಡು ಅಂಕಿಗಳು ಇರಬಹುದು. ಸಿಝಡ್ 27ರ ಮೇಲಿನ 'ಎಫ್‌ಎನ್‌ಎಚ್' ಜರ್ಮನ್ ಆಕ್ರಮಣ ಕಾಲದ್ದು.

ತಯಾರಕರು ಯಾರೆಂಬುದು ಬೆಲೆಯನ್ನು ಹೇಗೆ ತಿರುಗಿಸುತ್ತದೆ ಎಂಬುದಕ್ಕೆ ಅಮೆರಿಕದ ಎಂ1911ಎ1 ಪಿಸ್ತೂಲಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ಅದನ್ನು ಟೈಪ್‌ರೈಟರ್ ಮಾಡುವ ರೆಮಿಂಗ್ಟನ್ ರ‍್ಯಾಂಡ್ ಕಂಪನಿ ಲಕ್ಷಗಟ್ಟಲೆ ಮಾಡಿತು, ರೈಲ್ವೆ ಸಿಗ್ನಲ್ ಮಾಡುವ ಯೂನಿಯನ್ ಸ್ವಿಚ್ ಅಂಡ್ ಸಿಗ್ನಲ್ ಸುಮಾರು 55,000 ಮಾಡಿತು, ನಮ್ಮ ಅಜ್ಜಿಯರ ಕಾಲದಿಂದ ಕರಾವಳಿಯ ಮನೆಗಳಲ್ಲಿ ಹೊಲಿಗೆ ಯಂತ್ರವಾಗಿ ಪರಿಚಿತವಾದ ಸಿಂಗರ್ ಕಂಪನಿ ಕೇವಲ 500 ಮಾಡಿತು. ವಿನ್ಯಾಸ ಒಂದೇ, ಬೋರ್ ಒಂದೇ. ಆದರೂ ಸಿಂಗರ್ ಹೆಸರಿನ ಪಿಸ್ತೂಲು ಸಂಗ್ರಾಹಕರ ನಡುವೆ ಉಳಿದವುಗಳ ಬೆಲೆಗೆ ಹೋಲಿಸಲಾಗದಷ್ಟು ಮೇಲಿದೆ, ಆ ಕಾರಣಕ್ಕೇ ನಕಲಿ ಸಿಂಗರ್‌ಗಳೂ ಹುಟ್ಟಿಕೊಂಡಿವೆ.

ನಕಲಿಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಈಗ ಪಾಕಿಸ್ತಾನದಲ್ಲಿರುವ ವಾಯವ್ಯ ಗಡಿನಾಡಿನ ದರ್ರಾ ಕಡೆಯಲ್ಲಿ ಕೈಯಿಂದ ಮಾಡಿದ ವೆಬ್ಲಿಗಳು ದೂರದಿಂದ ಅಸಲಿಯಂತೆಯೇ ಕಾಣುತ್ತವೆ. ಅಕ್ಷರಗಳನ್ನು ನೋಡಿ: ಇಂಗ್ಲಿಷಿನ ಎನ್ ಅಕ್ಷರ ತಿರುಗಿ ಬಿದ್ದಿರುತ್ತದೆ, ಕಾಗುಣಿತ ತಪ್ಪಿರುತ್ತದೆ, ಕಿರೀಟ ಸೊಟ್ಟಗಿರುತ್ತದೆ, ಸಾಲು ನೇರವಿರುವುದಿಲ್ಲ. ಇಂಥದ್ದಕ್ಕೆ ಬೆಲೆ ಕಟ್ಟುವುದಿಲ್ಲ, ಅದರಿಂದ ಗುಂಡು ಹಾರಿಸುವುದು ಕೈಗೆ ಅಪಾಯ.

ಸಂಖ್ಯೆ ಸಂಖ್ಯೆಗೆ ಹೊಂದಬೇಕು

ವೆಬ್ಲಿ, ಎನ್‌ಫೀಲ್ಡ್ ರಿವಾಲ್ವರುಗಳಲ್ಲಿ ಚೌಕಟ್ಟು, ನಳಿಕೆ, ಸಿಲಿಂಡರ್ ಮೂರರ ಮೇಲೂ ಒಂದೇ ಸಂಖ್ಯೆ ಇರಬೇಕು. ಲೂಗರಿನಲ್ಲಿ ಸಣ್ಣ ಸಣ್ಣ ಭಾಗಗಳ ಮೇಲೂ ಸಂಖ್ಯೆಯ ಕೊನೆಯ ಎರಡು ಅಂಕಿಗಳಿರುತ್ತವೆ, ಮ್ಯಾಗಜೀನಿನ ಬುಡದಲ್ಲಿಯೂ ಸಂಖ್ಯೆ ಇರುವುದುಂಟು. ಹುಟ್ಟಿದಂದಿನಿಂದ ಒಟ್ಟಿಗಿರುವ ಭಾಗಗಳು ಮತ್ತು ಹತ್ತು ಪಿಸ್ತೂಲುಗಳಿಂದ ಒಟ್ಟುಗೂಡಿಸಿದ ಭಾಗಗಳು ಕೆಲಸದಲ್ಲಿ ಸಮನಾಗಿರಬಹುದು, ಆದರೆ ಸಂಗ್ರಾಹಕನ ಲೆಕ್ಕದಲ್ಲಿ ಎರಡನೆಯದು ಅರ್ಧ ಬೆಲೆಗೆ ಇಳಿಯುವುದು ಅಪರೂಪವಲ್ಲ.

ಯುದ್ಧಾನಂತರ ಸೋವಿಯತ್ ಸೇನೆ ವಶಪಡಿಸಿಕೊಂಡ ಜರ್ಮನ್ ಪಿಸ್ತೂಲುಗಳನ್ನು ರಾಶಿಯಾಗಿ ಬಿಚ್ಚಿ, ಮತ್ತೆ ಬಣ್ಣದಲ್ಲಿ ಅದ್ದಿ, ಸಿಕ್ಕ ಭಾಗಕ್ಕೆ ಸಿಕ್ಕ ಭಾಗ ಸೇರಿಸಿತು. ಅವುಗಳ ಮೇಲೆ ಎಕ್ಸ್ ಆಕಾರದ ಗುರುತು, ವಿದ್ಯುತ್ ಸೂಜಿಯಿಂದ ಗೀಚಿದ ಹೊಸ ಸಂಖ್ಯೆ ಇರುವುದುಂಟು. ಬ್ರಿಟಿಷ್ ಮತ್ತು ಭಾರತೀಯ ಕಾರ್ಖಾನೆಗಳಲ್ಲಿ ಪೂರ್ತಿ ದುರಸ್ತಿಯಾದವುಗಳಿಗೆ ಎಫ್‌ಟಿಆರ್ ಎಂಬ ಅಚ್ಚು. ಇದು ದೋಷವಲ್ಲ, ಸೇನೆಯೇ ಮಾಡಿದ ಕೆಲಸ. ಬಳಸುವವನಿಗೆ ಅದರಿಂದ ಧೈರ್ಯ ಹೆಚ್ಚುತ್ತದೆ, ಸಂಗ್ರಾಹಕನಿಗೆ ಮಾತ್ರ ಆಸೆ ತಗ್ಗುತ್ತದೆ.

ಮಾರ್ಪಾಡಿನ ಕಥೆಯನ್ನೂ ಕೇಳಬೇಕು. ಎನ್‌ಫೀಲ್ಡ್ ನಂಬರ್ 2ರ ಮೊದಲ ರೂಪದಲ್ಲಿ ಹೊಡೆಗುಂಡಿಗೆ (ಹ್ಯಾಮರ್) ಹೆಬ್ಬೆರಳಿನಿಂದ ಎಳೆಯುವ ಬಾಲವಿತ್ತು. 1938ರಿಂದ ಅದನ್ನು ತೆಗೆದ ರೂಪ ಬಂತು, ಹಳೆಯವನ್ನೂ ಹುಡುಕಿ ಹಾಗೆಯೇ ಬದಲಿಸಿದರು. ಆದ್ದರಿಂದ ಬಾಲ ಉಳಿದ, ಬದಲಾಗದ ರಿವಾಲ್ವರ್ ಹೆಚ್ಚು ಬೆಲೆಯದು. .455 ವೆಬ್ಲಿಗಳಲ್ಲೂ ಇದೇ ಮಾತು: ಅಮೆರಿಕಕ್ಕೆ ಹೋದ ಬಹಳಷ್ಟರ ಸಿಲಿಂಡರಿನ ಹಿಂಬದಿಯನ್ನು ಅಲ್ಲಿಯ .45 ತೋಟೆಗೆ ಹೊಂದುವಂತೆ ತುರಿದರು. ತುರಿದದ್ದು ಬೆಲೆ ಕಳೆದುಕೊಂಡಿತು.

ಸಂಖ್ಯೆ ಮಾಸಿದ್ದರೆ, ತುರಿದಿದ್ದರೆ, ಮೇಲೆ ಮೇಲೆ ಒತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಗುರುತಿನ ಸಂಖ್ಯೆ ಅಳಿಸುವುದೂ ಸಂಖ್ಯೆಯಿಲ್ಲದ ಬಂದೂಕು ಮಾರುವುದೂ ಕಾಯ್ದೆಯ 8ನೆಯ ಕಲಮಿನಲ್ಲಿ ನಿಷಿದ್ಧ. ಹೊಳಪು ಬರಿಸುವ ಆತುರದಲ್ಲಿ ಸಂಖ್ಯೆ ಸವೆಸಿದವರು ಬೆಲೆಯೊಂದಿಗೆ ಮಾರುವ ಹಕ್ಕನ್ನೂ ಕಳೆದುಕೊಳ್ಳುತ್ತಾರೆ.

ಬಣ್ಣ ಮತ್ತು ತುಕ್ಕು

ಮೂಲ ಬಣ್ಣ ಎಷ್ಟು ಉಳಿದಿದೆ ಎಂಬುದನ್ನು ನೂರಕ್ಕೆ ಇಷ್ಟು ಎಂದು ಅಂದಾಜು ಮಾಡುವುದು ಪದ್ಧತಿ. ಚೀಲದೊಳಗೆ ಹೋಗಿ ಬಂದು ನಳಿಕೆಯ ತುದಿಯಲ್ಲಿ ಸವೆದದ್ದು, ಹಿಡಿಯ ಮುಂಭಾಗದಲ್ಲಿ ಬೆರಳು ತಾಗಿ ಮಾಸಿದ್ದು ಸಹಜವಾದ ಸವೆತ. ಅದು ಇರಬೇಕಾದಲ್ಲಿ ಇದ್ದರೆ ಒಳ್ಳೆಯ ಲಕ್ಷಣವೇ ಹೌದು. ಎಲ್ಲ ಕಡೆ ಒಂದೇ ಸಮನೆ ಹೊಳೆಯುವ ಹಳೆಯ ಪಿಸ್ತೂಲನ್ನು ಕಂಡರೆ ನನಗೆ ಅನುಮಾನ ಬರುತ್ತದೆ. ಹೊಸದಾಗಿ ಬಣ್ಣ ಕೊಟ್ಟದ್ದರ ಗುರುತುಗಳು ಇವು: ಚೂಪಾಗಿರಬೇಕಾದ ಅಂಚು ದುಂಡಗಾಗಿರುತ್ತದೆ, ಅಚ್ಚಿನ ಅಕ್ಷರಗಳ ಬದಿ ಕರಗಿದಂತೆ ಕಾಣುತ್ತದೆ, ತಿರುಪಿನ ರಂಧ್ರದ ಸುತ್ತ ತಗ್ಗು ಬಿದ್ದಿರುತ್ತದೆ, ತುಕ್ಕಿನ ಹಳೆಯ ಗುಳಿಯೊಳಗೂ ನೀಲಿ ಇಳಿದಿರುತ್ತದೆ. ಹಳೆಯ ಲೂಗರಿನ ಕುದುರೆಯಂಥ ಸಣ್ಣ ಭಾಗಗಳು ಒಣಹುಲ್ಲಿನ ಹಳದಿ ಛಾಯೆಯಲ್ಲಿರಬೇಕು. ಅವೂ ನೀಲಿಯಾಗಿದ್ದರೆ ಯಾರೋ ಅದ್ದಿದ್ದಾರೆ. ನಮ್ಮ ದೇಶದಲ್ಲಿ ತುಕ್ಕಿನ ಭಯಕ್ಕೆ ನಿಕ್ಕಲ್ ಲೇಪ ಹಾಕಿಸುವುದು ರೂಢಿಯಾಗಿತ್ತು. ಕಣ್ಣಿಗೆ ಚೆಂದ, ಬೆಲೆಗೆ ನಷ್ಟ.

ಇದಕ್ಕೆ ಅಪವಾದವೂ ಇದೆ. ಯುದ್ಧಕಾಲದ .38 ವೆಬ್ಲಿಗಳ ಮೈ ಒರಟಾಗಿದ್ದರೆ, ಉಪಕರಣದ ಗೀರುಗಳು ಹಾಗೆಯೇ ಉಳಿದಿದ್ದರೆ, ಅದು ಹಾಳಾದದ್ದಲ್ಲ. ಆತುರದ ತಯಾರಿಕೆ ಎಂದು ಒಪ್ಪಿಕೊಳ್ಳುವ 'ವಾರ್ ಫಿನಿಶ್' ಎಂಬ ಅಚ್ಚನ್ನು ಕಾರ್ಖಾನೆಯೇ ಒತ್ತಿದೆ.

ತುಕ್ಕಿನಲ್ಲಿ ಎರಡು ಬಗೆ. ಮೇಲ್ಮೈಯ ಕಂದು ಪುಡಿ ಎಣ್ಣೆ ಹಚ್ಚಿದ ಹತ್ತಿಗೆ ಬಂದುಬಿಡುತ್ತದೆ, ಅದರ ಕೆಳಗೆ ಬಣ್ಣ ಉಳಿದಿರಬಹುದು. ಗುಳಿ ತುಕ್ಕು ಬೇರೆ, ಉಗುರು ಆಡಿಸಿದರೆ ತಗ್ಗು ತಿಳಿಯುತ್ತದೆ, ಅದು ಉಕ್ಕನ್ನೇ ತಿಂದಿರುತ್ತದೆ. ಕಾರವಾರದ ಗಾಳಿಯಲ್ಲಿ ಉಪ್ಪಿದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಆರುವುದಿಲ್ಲ. ನಮ್ಮ ಕಡೆಯ ಪಿಸ್ತೂಲುಗಳಲ್ಲಿ ಎರಡನೆಯ ಬಗೆಯೇ ಹೆಚ್ಚು. ಹಿಡಿಯ ಹಲಗೆಗಳ ಕೆಳಗೆ ಬೆವರು, ಉಪ್ಪು ಸೇರಿ ಕೂತಿರುತ್ತದೆ, ಆದ್ದರಿಂದ ಅನುಭವಿ ವ್ಯಾಪಾರಿ ಅವುಗಳ ತಿರುಪು ಬಿಚ್ಚಿ ಒಳಗೆ ನೋಡದೆ ಬೆಲೆ ಹೇಳುವುದಿಲ್ಲ.

ನಳಿಕೆಯ ಒಳಗು ಮತ್ತು ಯಂತ್ರ

ಹಿಂಬದಿಯಿಂದ ಬಿಳಿ ಕಾಗದದ ಬೆಳಕು ಬಿಟ್ಟು ಖಾಲಿ ನಳಿಕೆಯೊಳಗೆ ನೋಡಿದರೆ ಸುರುಳಿಯ ಏಣುಗಳು ಚೂಪಾಗಿ, ಹೊಳೆಯುತ್ತ ಕಾಣಬೇಕು. ಹಳೆಯ ಸೇನಾ ತೋಟೆಗಳ ಕಿಡಿಪುಡಿಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದು ಉಳಿಸುವ ಉಪ್ಪು ನಮ್ಮ ಅಡುಗೆ ಉಪ್ಪಿನಂತೆಯೇ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಆ ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಮಾತ್ರ ಕರಗುತ್ತದೆ. ಗುಂಡು ಹಾರಿಸಿ ಬರಿಯ ಎಣ್ಣೆ ಒರೆಸಿಟ್ಟ ಪಿಸ್ತೂಲುಗಳ ನಳಿಕೆ ಕಪ್ಪಾಗಿ, ಸಿಡುಬಿನ ಕಲೆಯಂತಾಗಿರುವುದು ಇದರಿಂದ. ಒಳಗೆ ಉಂಗುರದಂಥ ನೆರಳು ಕಂಡರೆ ನಳಿಕೆ ಒಂದು ಕಡೆ ಉಬ್ಬಿದೆ, ಅಂದರೆ ಹಿಂದೊಮ್ಮೆ ಗುಂಡು ಒಳಗೇ ಸಿಲುಕಿದ್ದಾಗ ಇನ್ನೊಂದನ್ನು ಹಾರಿಸಿದ್ದಾರೆ. ಅದು ದೊಡ್ಡ ಕಡಿತಕ್ಕೆ ಕಾರಣ.

ರಿವಾಲ್ವರಿನಲ್ಲಿ ಹೊಡೆಗುಂಡಿ ಹಿಂದಕ್ಕೆ ನಿಂತಾಗ ಸಿಲಿಂಡರ್ ಅಲುಗಬಾರದು, ಅದರೊಳಗಿನ ತೋಟೆಯ ಪ್ರತಿ ಮನೆಯೂ ನಳಿಕೆಗೆ ಸರಿಯಾಗಿ ಎದುರು ನಿಲ್ಲಬೇಕು. ವೆಬ್ಲಿಯಂತೆ ಮಡಚಿ ತೆರೆಯುವ ರಿವಾಲ್ವರಿನಲ್ಲಿ ಕೀಲು ಮತ್ತು ಚಿಲಕ ಸಡಿಲವಿದ್ದರೆ ಕೈಗೆ ತಿಳಿಯುತ್ತದೆ. ಪಿಸ್ತೂಲಿನಲ್ಲಿ ಸ್ಲೈಡಿನ ಒಳಮೂಲೆಗಳಲ್ಲಿ ಕೂದಲೆಳೆಯಂಥ ಬಿರುಕಿದೆಯೇ ನೋಡಬೇಕು. ಸ್ಪ್ರಿಂಗ್ ಸೋತಿರುವುದಕ್ಕೆ ಹೆಚ್ಚು ಕಳೆಯಬೇಕಾಗಿಲ್ಲ, ಬಿರುಕಿಗೆ ಎಲ್ಲವನ್ನೂ ಕಳೆಯಬೇಕು.

ಚೀಲ, ಎರಡನೆಯ ಮ್ಯಾಗಜೀನ್, ಕೊರಳ ಹುರಿ, ಸ್ವಚ್ಛ ಮಾಡುವ ಕಡ್ಡಿ, ಹಿಡಿಯ ಮೂಲ ಹಲಗೆಗಳು ಇದ್ದರೆ ಬೇರೆ ಬೇರೆಯಾಗಿ ಮಾರದೆ ಒಟ್ಟಿಗಿಡಿ. ಹಿರಿಯರು ಸಮವಸ್ತ್ರದಲ್ಲಿ ಅದೇ ಪಿಸ್ತೂಲು ಧರಿಸಿದ ಫೋಟೋ, ಸೇವಾ ದಾಖಲೆ ಇದ್ದರೆ ಅದೂ ಬೆಲೆಗೆ ಸೇರುತ್ತದೆ. ಬರಿಯ ಬಾಯಿಮಾತಿನ ಕಥೆಗೆ, ಅದು ಎಷ್ಟೇ ನಿಜವಿದ್ದರೂ, ಯಾರೂ ಹಣ ಕೊಡುವುದಿಲ್ಲ.

ಅಂಕಿಗೆ ಬರುವುದು, ಮಾರುವುದು, ಅಲ್ಲಿಯವರೆಗೆ ಕಾಯುವುದು

ಕನಿಷ್ಠ ಇಬ್ಬರು ಪರವಾನಗಿದಾರ ವ್ಯಾಪಾರಿಗಳಿಂದ ಬರಹದಲ್ಲಿ ಬೆಲೆ ಪಡೆಯಿರಿ. ಅವರು ಕೇಳುತ್ತಿರುವ ಬೆಲೆಯನ್ನಲ್ಲ, ಅದೇ ಮಾದರಿ ಕಡೆಯದಾಗಿ ನಿಜಕ್ಕೂ ಎಷ್ಟಕ್ಕೆ ಹೋಯಿತು ಎಂಬುದನ್ನು ವಿಚಾರಿಸಿ. ಅದೇ ಮಾದರಿಯ ಉತ್ತಮ ಸ್ಥಿತಿಯ ಪಿಸ್ತೂಲಿನ ಬೆಲೆಯಿಂದ ಆರಂಭಿಸಿ, ಹೊಂದದ ಸಂಖ್ಯೆ, ಹೊಸ ಬಣ್ಣ, ಗುಳಿ ತುಕ್ಕು, ಕಪ್ಪು ನಳಿಕೆ, ಇಲ್ಲದ ಮ್ಯಾಗಜೀನ್ ಎಂದು ಒಂದೊಂದಕ್ಕೆ ಎಷ್ಟು ಕಳೆಯುತ್ತಾರೆಂದು ಅವರನ್ನೇ ಬಿಡಿಸಿ ಹೇಳಲು ಕೇಳಿ. ಬಿಡಿಸಿ ಹೇಳಲಾರದವರ ಬೆಲೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವ್ಯಾಪಾರಿ ತಾನು ಮಾರುವ ಬೆಲೆಗಿಂತ ಸಾಕಷ್ಟು ಕಡಿಮೆಗೆ ಕೊಳ್ಳುವುದು ಅನ್ಯಾಯವಲ್ಲ. ಅರ್ಹ ಗಿರಾಕಿ ಬರುವವರೆಗೆ ದಾಸ್ತಾನು, ದಾಖಲೆ, ಜವಾಬ್ದಾರಿ ಎಲ್ಲ ಅವನದು. ಅವಸರವಿಲ್ಲದಿದ್ದರೆ ಅವನ ಬಳಿಯೇ ಇಟ್ಟು, ಮಾರಿದ ಮೇಲೆ ದಲ್ಲಾಳಿ ಹಣ ಕಳೆದು ಕೊಡುವ ಕರಾರು ಮಾಡಿಕೊಳ್ಳಬಹುದು.

ನಿಮ್ಮ ಹೆಸರಿನ ಪರವಾನಗಿಯಲ್ಲಿರುವ ಆಯುಧವನ್ನು ಇನ್ನೊಬ್ಬ ಪರವಾನಗಿದಾರರಿಗೆ ನೇರವಾಗಿ ಮಾರುವುದಾದರೆ, ಕೊಳ್ಳುವವರ ಹೆಸರು, ವಿಳಾಸ ಸಹಿತ ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ಬರಹದಲ್ಲಿ ತಿಳಿಸಿ, 45 ದಿನ ಕಳೆದ ಮೇಲೆಯೇ ಕೈಬದಲು ಮಾಡಬೇಕು. ಮಾತು ಮುಗಿದ ದಿನವೇ ಮುಂಗಡ ತೆಗೆದುಕೊಂಡು ಆಯುಧ ಕೊಟ್ಟು ಕಳಿಸುವುದು ಅಪರಾಧ. ಕೊಳ್ಳುವವರ ಲೈಸೆನ್ಸಿನಲ್ಲಿ ಬೋರ್ ಮತ್ತು ಅವಧಿಯನ್ನು ನಿಮ್ಮ ಕಣ್ಣಿನಿಂದಲೇ ನೋಡಿ.

ಈ ಕಾಯುವ ದಿನಗಳು ಮಳೆಗಾಲದಲ್ಲಿ ಬಂದರೆ ಬೆಲೆ ಕಣ್ಣೆದುರಿಗೇ ಕರಗಬಹುದು. ಪಿಸ್ತೂಲನ್ನು ಚರ್ಮದ ಚೀಲದಲ್ಲಿ ಇಡಬೇಡಿ, ಹದ ಮಾಡಿದ ಚರ್ಮ ತೇವವನ್ನೂ ಹುಳಿಯನ್ನೂ ಉಕ್ಕಿಗೆ ಒತ್ತಿ ಹಿಡಿಯುತ್ತದೆ. ಚೀಲವನ್ನು ಬೇರೆಯಾಗಿ ಗಾಳಿಯಾಡುವಲ್ಲಿಡಿ. ತೆಂಗಿನೆಣ್ಣೆ ಬೇಡ, ಅದು ಕಮಟಿ ಅಂಟಾಗುತ್ತದೆ, ಶಿರಸಿಯ ಚಳಿಗೆ ಹೆಪ್ಪುಗಟ್ಟುತ್ತದೆ. ಹೊಲಿಗೆ ಯಂತ್ರದ ತೆಳು ಎಣ್ಣೆಯನ್ನು ಹತ್ತಿಯಿಂದ ಉಕ್ಕಿನ ಭಾಗಕ್ಕೆ ಮಾತ್ರ ಸವರಿ, ಮರದ ಹಿಡಿಗೆ ತಾಗಿಸದೆ, ಒಣ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬೀಗವಿರುವ ಉಕ್ಕಿನ ಕಪಾಟಿನಲ್ಲಿಡಿ. ತೋಟೆಗಳನ್ನು ಬೇರೆ ಕಡೆ, ಬೇರೆ ಬೀಗದಲ್ಲಿಡಿ. ಠಾಣೆಯ ಮಾಲಖಾನೆಯಲ್ಲಿ ಇರುವುದಾದರೆ ಒಪ್ಪಿಸುವ ಮೊದಲೇ ಈ ಎಣ್ಣೆಯ ಕೆಲಸ ಬಲ್ಲವರಿಂದ ಮಾಡಿಸಿ, ಎರಡೂ ಮೈಗಳ ಚಿತ್ರ ತೆಗೆದು, ಅವುಗಳ ಪ್ರತಿಯನ್ನು ರಸೀದಿಗೆ ಲಗತ್ತಿಸಲು ವಿನಂತಿಸಿ.

ಮಾರಾಟವಾದ ದಿನ ಹಣ ಎಣಿಸಿಕೊಳ್ಳುವುದಕ್ಕಿಂತ ಮೊದಲು ನೋಡಬೇಕಾದದ್ದು, ನಿಮ್ಮ ಲೈಸೆನ್ಸಿನಿಂದ ಆ ಸಂಖ್ಯೆ ತೆಗೆದುಹಾಕಿ ಕೊಳ್ಳುವವರ ಲೈಸೆನ್ಸಿನಲ್ಲಿ ಅದೇ ಸಂಖ್ಯೆ ಏರಿದೆಯೇ ಎಂಬುದನ್ನು. ಒಂದು ಅಂಕಿ ಹೆಚ್ಚುಕಡಿಮೆಯಾದರೂ ತಿದ್ದಿಸಿ, ಮೊಹರು ಹಾಕಿಸಿ, ಪ್ರತಿ ತೆಗೆದಿಟ್ಟುಕೊಳ್ಳಿ.